ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರನ್ನು ಪ್ರತ್ಯೇಕವಾಗಿ ಲೆಕ್ಕವಿಡುವುದು ಏಕೆ?

ಪ್ರಶ್ನೆ:
ಆತ್ಮಹತ್ಯೆಯಿಂದಾದ ಸಾವುಗಳನ್ನು ಎಣಿಸುವುದರ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಸಾಯಲೇಬೇಕೆಂದಿದ್ದವರು, ನೋವು ತಾಳಲಾರದೆ ತಮಗೆ ಹಾನಿ ಮಾಡಿಕೊಂಡವರು, ಆ ಗಳಿಗೆಯಲ್ಲಿ ಏನು ಬಯಸಿದ್ದೆವೆಂದು ತಮಗೇ ತಿಳಿಯದವರು, ಇವರೆಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಆ ಲೆಕ್ಕದಿಂದ ಏನು ತಿಳಿದೀತು? ಇದು ವೈಯಕ್ತಿಕ ಸಂಕಟವಲ್ಲವೇ?

ಉತ್ತರ 1:
ಸಂಕಟ ವೈಯಕ್ತಿಕವೇ, ಅದರ ಪ್ರಮಾಣ ಮಾತ್ರ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಪ್ರಯತ್ನಗಳು ಅದರ ಹಲವು ಪಟ್ಟು ಎಂದೂ, ಹಿಂದಿನ ಪ್ರಯತ್ನವು ಮುಂದಿನ ಅಪಾಯದ ಪ್ರಮುಖ ಸೂಚನೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಂದು ಒಮ್ಮೆ ಪ್ರಯತ್ನಿಸಿದವರ ಹಣೆಬರಹ ಅಲ್ಲಿಗೇ ತೀರ್ಮಾನವಾಯಿತೆಂದು ಭಾವಿಸಬಾರದು, ಅವರಲ್ಲಿ ಬಹುಪಾಲು ಜನ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ಉತ್ತರ 2:
ನಾನು ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಉದ್ದೇಶದ ಬಗ್ಗೆ ನೀವು ಎತ್ತಿದ ಸಂದೇಹ ನ್ಯಾಯವಾದದ್ದೇ. ಬೆಳಿಗ್ಗೆ ‘ಸಾಯಬೇಕೆಂದೇ ಮಾಡಿದೆ’ ಎಂದವರು, ಸಂಜೆ ಮನೆಯವರು ಮಂಚದ ಪಕ್ಕ ನಿಂತಿರುವಾಗ ‘ಗೊತ್ತಿಲ್ಲದೆ ಆಗಿಹೋಯಿತು’ ಎನ್ನುತ್ತಾರೆ. ಪೊಲೀಸರಿಗೋ ನಾಲ್ಕು ಜನರ ಬಾಯಿಗೋ ಅಂಜಿ ಕೇಸ್ ಶೀಟ್‌ನಲ್ಲಿ ‘ಆಕಸ್ಮಿಕ’ ಎಂಬ ಪದವೇ ಉಳಿಯುತ್ತದೆ. ಉದ್ದೇಶ ಸ್ಪಷ್ಟವಾಗಲಿ ಎಂದು ಕಾದರೆ ಇಂಥವರು ದಾಖಲೆಯಿಂದಲೂ ಆರೈಕೆಯಿಂದಲೂ ಒಟ್ಟಿಗೇ ಜಾರಿಹೋಗುತ್ತಾರೆ. ಐರ್ಲೆಂಡಿನ ರಾಷ್ಟ್ರೀಯ ನೋಂದಣಿಯು ಆಸ್ಪತ್ರೆಗೆ ಬಂದ ಸ್ವಯಂ ಹಾನಿಯ ಪ್ರಕರಣಗಳನ್ನು, ಸಾಯುವ ಉದ್ದೇಶ ಎಷ್ಟಿತ್ತೆಂಬುದನ್ನು ಷರತ್ತಾಗಿಸದೆ ದಾಖಲಿಸುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ಕ್ರಮ. ಇನ್ನೊಂದು ಮಾತು: ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ರಕ್ತಪರೀಕ್ಷೆಯ ದಿನಾಂಕ ತಪ್ಪದೆ ಇರುತ್ತದೆ, ಮನೋವೈದ್ಯರನ್ನು ಕಾಣಬೇಕಾದ ದಿನಾಂಕ ಎಷ್ಟೋ ಸಲ ಇರುವುದಿಲ್ಲ. ಅಪಾಯ ಹೆಚ್ಚಿರುವುದು ಮನೆಗೆ ಮರಳಿದ ಮೊದಲ ವಾರಗಳಲ್ಲೇ.

ಪ್ರಶ್ನೆ ಕೇಳಿದವರು:
ದಾಖಲಿಸಿದ ಮೇಲೆ ಮಾಡಬಹುದಾದದ್ದೇನಾದರೂ ಇದೆಯೇ?

ಉತ್ತರ 3:
ಇದೆ. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಒಳಗೊಂಡು ಐದು ದೇಶಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿಗೆ ಬಿಡುಗಡೆಯ ಹೊತ್ತಿಗೆ ಸುಮಾರು ಒಂದು ಗಂಟೆ ಮಾತುಕತೆ, ಬಳಿಕ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಕರೆ ಅಥವಾ ಭೇಟಿಯ ಮೂಲಕ ಯೋಗಕ್ಷೇಮ ವಿಚಾರಣೆ ನಡೆಯಿತು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದಾದ ಸಾವು ಶೇ. 0.2, ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಶೇ. 2.2. ಮರುಪ್ರಯತ್ನಗಳ ಪ್ರಮಾಣ ಮಾತ್ರ ಅಷ್ಟಾಗಿ ತಗ್ಗಲಿಲ್ಲವಾದ್ದರಿಂದ ಇದನ್ನು ಸರ್ವರೋಗಕ್ಕೂ ಮದ್ದೆಂದು ಹೇಳಲಾಗದು. ಆದರೆ ಇದಕ್ಕೆ ತಜ್ಞರ ಪಡೆಯೇನೂ ಬೇಕಿಲ್ಲ, ತರಬೇತಿ ಪಡೆದ ದಾದಿಯೊಬ್ಬರು ಹೆಸರು ಹಿಡಿದು ಕರೆಮಾಡಿ, ಸಾಯುವ ಯೋಚನೆ ಮತ್ತೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.