ಅಪ್‌ಡೇಟ್: ಶೀರ್ಷಿಕೆ ಬದಲಿಸಿದ ಮೇಲೆ ಏನಾಯಿತು

ನಮ್ಮ ಲೆಕ್ಕಪತ್ರ ತಂತ್ರಾಂಶದ ಕುರಿತು ಕಳುಹಿಸುವ ಇಮೇಲ್‌ಗಳನ್ನು ಹೆಚ್ಚಿನವರು ತೆರೆಯುವುದೇ ಇಲ್ಲ, ತಪ್ಪು ಬರಹದಲ್ಲಿದೆಯೇ ಶೀರ್ಷಿಕೆಯಲ್ಲಿದೆಯೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರು ಶೀರ್ಷಿಕೆಯತ್ತ ಬೊಟ್ಟು ಮಾಡಿದ್ದರು. ಅವರ ಮಾತು ನಿಜವಾಯಿತು.

ಹಳೆಯ ಶೀರ್ಷಿಕೆ ‘ನಿಮ್ಮ ವ್ಯವಹಾರಕ್ಕೊಂದು ಸಮಗ್ರ ಪರಿಹಾರ’ ಎಂದಿತ್ತು. ಯಾವ ಸರಕಿಗೆ ಅಂಟಿಸಿದರೂ ಹೊಂದುತ್ತದೆ ಎಂಬುದೇ ಅದರ ದೋಷ. ಬರಹದ ಮೂರನೆಯ ಪ್ಯಾರಾದಲ್ಲಿ ಹುದುಗಿದ್ದ ಸಂಗತಿಯೊಂದನ್ನು ಮೇಲಕ್ಕೆ ತಂದು, ‘ಹಣ ಬಾಕಿ ಉಳಿಸಿಕೊಂಡ ಗ್ರಾಹಕರಿಗೆ ಪದೇ ಪದೇ ನೆನಪಿಸುವ ಕೆಲಸ ಇನ್ನು ನಿಮ್ಮದಲ್ಲ’ ಎಂದು ಬರೆದೆ. ಓದುಗರ ಪಟ್ಟಿಯನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದೇ ಹೊತ್ತಿಗೆ, ಶೀರ್ಷಿಕೆಯೊಂದನ್ನು ಬಿಟ್ಟು ಬೇರೇನನ್ನೂ ಬದಲಿಸದೆ ಕಳುಹಿಸಿದಾಗ, ಹೊಸದನ್ನು ತೆರೆದವರು ಸ್ಪಷ್ಟವಾಗಿ ಹೆಚ್ಚಿದ್ದರು. ಅದಕ್ಕಿಂತ ಮುಖ್ಯವಾಗಿ, ಆ ಸೌಲಭ್ಯದ ಬಗ್ಗೆಯೇ ವಿಚಾರಿಸಿ ಕೆಲವರು ಮರಳಿ ಬರೆದರು.

ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ 1958ರಲ್ಲಿ ರೋಲ್ಸ್-ರಾಯ್ಸ್ ಕಾರಿಗೆ ಬರೆದ ಶೀರ್ಷಿಕೆಯ ಗುಟ್ಟು ನನಗೆ ಈಗ ಅರ್ಥವಾಗಿದೆ. ಗಂಟೆಗೆ 60 ಮೈಲಿ ವೇಗದಲ್ಲಿಯೂ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ವಿದ್ಯುತ್ ಗಡಿಯಾರದ್ದು ಎನ್ನುವ ಆ ಸಾಲಿನಲ್ಲಿ ‘ನಿಶ್ಶಬ್ದ’ ಎಂಬ ಪದವೇ ಇಲ್ಲ.

ಒಂದು ತೊಡಕು ಮಾತ್ರ ನಂತರ ಗೊತ್ತಾಯಿತು. ಮೊಬೈಲ್ ಪರದೆಯಲ್ಲಿ ಉದ್ದದ ಸಾಲು ನಡುವೆಯೇ ತುಂಡಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ತುದಿಗೆ ಬರುವುದರಿಂದ, ‘ನಿಮ್ಮದಲ್ಲ’ ಎಂಬ ಜೀವಾಳವೇ ಕಾಣದೆ ಹೋಗಿ, ಕೆಲಸವನ್ನು ಓದುಗರ ಮೇಲೆ ಹೊರಿಸಿದಂತೆ ಕಾಣುತ್ತಿತ್ತು. ಈಗ ಅದನ್ನು ‘ಬಾಕಿ ನೆನಪಿಸುವ ಚಿಂತೆ ಬಿಡಿ’ ಎಂದು ಮೊಟಕುಗೊಳಿಸಿದ್ದೇನೆ. ಪ್ರಶ್ನಾರ್ಥಕ ಶೀರ್ಷಿಕೆಗಳ ಪರೀಕ್ಷೆ ಇನ್ನೂ ಬಾಕಿಯಿದೆ.