ತೋಳಿಗೆ ಬಿದ್ದ ಮತದಾನದ ಶಾಯಿ

ಹಾಸನದ ಟೀಚರ್:
ಚುನಾವಣೆಯ ದಿನ ಬೆರಳಿಗೆ ಶಾಯಿ ಹಚ್ಚುವ ಕೆಲಸ ನನ್ನದಾಗಿತ್ತು. ಅಜ್ಜಿಯೊಬ್ಬರು ಕೈ ಎಳೆದುಕೊಂಡ ರಭಸಕ್ಕೆ ಎರಡು ಹನಿ ನನ್ನ ಬಿಳಿ ಹತ್ತಿ ಕುರ್ತಾದ ತೋಳಿಗೆ ಬಿದ್ದವು. ಆಗ ನೇರಳೆ, ಸಂಜೆಗೆ ಕಡುಗಪ್ಪು. ನಿಂಬೆಹಣ್ಣು, ಹಾಲು, ಬ್ಲೀಚಿಂಗ್ ಪುಡಿ ಎಲ್ಲ ಆಯಿತು; ಕಲೆ ಜಗ್ಗಲಿಲ್ಲ. ಯಾರಿಗಾದರೂ ದಾರಿ ಗೊತ್ತೇ?

ಎರಡು ಮಕ್ಕಳ ತಾಯಿ:
ಸ್ಯಾನಿಟೈಸರ್ ಹಾಕಿ ನೋಡಿ ಮೇಡಂ. ಮಗನ ಅಂಗಿ ಜೇಬಿನ ಬಾಲ್‌ಪೆನ್ ಕಲೆ ಅದರಿಂದಲೇ ಹೋಯಿತು. ಅಡಿಗೆ ಹಳೆ ಬಟ್ಟೆ ಇಟ್ಟು ಒತ್ತಬೇಕು, ಉಜ್ಜಿದರೆ ಹರಡುತ್ತದೆ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:
ಬಾಲ್‌ಪೆನ್ನಿಗೆ ಸರಿಯಮ್ಮ, ಇದಕ್ಕೆ ಆಗದು. 1962ರ ಚುನಾವಣೆಯಿಂದ ಬಳಕೆಯಲ್ಲಿರುವ, ನಮ್ಮ ಮೈಸೂರಿನಲ್ಲೇ ತಯಾರಾಗುವ ಈ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆಳಕು ತಗುಲಿದರೆ ಬೆಳ್ಳಿಯ ಕಣಗಳು ನೂಲಿನೊಳಗೇ ಕೂರುತ್ತವೆ. ಅವನ್ನು ತೊಳೆಯಲಾಗದು, ಕರಗಿಸಬೇಕು. ಮೊದಲು ಬ್ಲೀಚಿಂಗ್ ಪುಡಿ ಪೂರ್ತಿ ಹೋಗುವಂತೆ ಜಾಲಿಸಿ. ಕಲೆಗೆ ಟಿಂಚರ್ ಅಯೋಡಿನ್ ಹಚ್ಚಿ ಕೆಲವು ನಿಮಿಷ ಬಿಡಿ. ಬಳಿಕ ಹೈಪೋ, ಅಂದರೆ ಹಿಂದೆ ಫೋಟೊ ತೊಳೆಯಲು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಿ. ಅಯೋಡಿನ್ನಿನ ಕಂದು ಬಣ್ಣವೂ ಅದರಲ್ಲೇ ಹೋಗುತ್ತದೆ. ಕೈಗವಸು ಇರಲಿ. ಅಮೋನಿಯಾವನ್ನು ಮಾತ್ರ ಅಯೋಡಿನ್ನಿನ ಹತ್ತಿರ ತರಬೇಡಿ, ಅದು ಸ್ಫೋಟಕ ಜೋಡಿ.

ಹಾಸನದ ಟೀಚರ್:
ಮೇಷ್ಟ್ರೇ, ಹೈಪೋ ನಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಸಿಕ್ಕಿತು. ಮೂರು ಸಲ ಮಾಡಿದೆ. ಒಂದು ಹನಿ ಮಾಯ, ಇನ್ನೊಂದು ಮಸುಕು ಬೂದಿಬಣ್ಣವಾಗಿ ಉಳಿದಿದೆ. ಅದರ ಮೇಲೊಂದು ಕಸೂತಿ ಹೂವು ಹಾಕುತ್ತೇನೆ. ಬೆರಳಿನದು ಇನ್ನೂ ಹಾಗೆಯೇ ಇದೆ, ಬಿಡಿ.