ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ, ರಾತ್ರಿ ಹೊತ್ತು: ಜಿಂಕೆ, ಕಡವೆ ಅಡ್ಡ ಬಂದರೆ ಏನು ಮಾಡಬೇಕು?

ತುಂಗಾತೀರ:
ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ, ರಾತ್ರಿ ಒಂಬತ್ತರ ಮೇಲೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಬರಬೇಕು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಕಡೆಯೆಲ್ಲ ಕಾಡಂಚು. ಸಣ್ಣ ಕಾರು, ಹ್ಯಾಲೊಜೆನ್ ಲೈಟು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಜಿಂಕೆ ಎದುರಾದರೆ ಬ್ರೇಕ್ ಹಾಕುವುದೋ, ಸ್ಟೀರಿಂಗ್ ತಿರುಗಿಸಿ ತಪ್ಪಿಸುವುದೋ? ಹೈ ಬೀಮ್ ಹಾಕಿದರೆ ಓಡಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಕಣ್ಣು ಕುಕ್ಕಿ ಅಲ್ಲೇ ನಿಂತುಬಿಡುತ್ತದೆ ಅಂತ ಇನ್ನು ಕೆಲವರು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬಹುದೇ? ಬಂಪರ್ ಮೇಲೆ ಅಂಟಿಸುವ ಸೀಟಿ ಮಾರುತ್ತಾರಲ್ಲ, ಅದು ಕೆಲಸ ಮಾಡುತ್ತದಾ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಘಟ್ಟದ ದಾರಿ:
ಬ್ರೇಕ್. ಸ್ಟೀರಿಂಗ್ ನೇರ ಹಿಡಿದು ಬ್ರೇಕ್. ಜಿಂಕೆಗೆ ಬಡಿದು ಬಂಪರ್ ಹೋಗುವುದು ಬೇರೆ, ಅದನ್ನು ತಪ್ಪಿಸಲು ಹೋಗಿ ಮರಕ್ಕೋ ಎದುರು ಬರುವ ಲಾರಿಗೋ ಬಡಿಯುವುದು ಬೇರೆ. ಜೀವ ಹೋಗುವುದು ಹೆಚ್ಚಾಗಿ ಎರಡನೆಯದರಲ್ಲೇ. ಎಬಿಎಸ್ ಇದೆ ಅಂದಿರಲ್ಲ, ಪೆಡಲನ್ನು ಪೂರ್ತಿ ಒತ್ತಿ ಹಾಗೇ ಹಿಡಿಯಿರಿ. ಕಾಲಡಿಯಲ್ಲಿ ಪೆಡಲ್ ಕಟಕಟ ಅಂತ ನಡುಗುತ್ತದೆ. ಏನೋ ಮುರಿಯಿತು ಅಂದುಕೊಂಡು ಕಾಲು ಎತ್ತುವವರೇ ಹೆಚ್ಚು, ಎತ್ತಬೇಡಿ.

ಆದರೆ ನಿಜವಾದ ವಿಷಯ ಬ್ರೇಕಿಗಿಂತ ಮೊದಲೇ ತೀರ್ಮಾನವಾಗಿರುತ್ತದೆ. ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣಿಗೆ ಬಿದ್ದು ಕಾಲು ಪೆಡಲಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ, ಅಷ್ಟರಲ್ಲೇ 33 ಮೀಟರ್ ಮುಗಿಯಿತು. ಆಮೇಲೆ ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೊಂದು 35. ಒಟ್ಟು 70 ಮೀಟರ್ ಹತ್ತಿರ. ಡಿಮ್ ಲೈಟಿನಲ್ಲಿ ಕಂದು ಬಣ್ಣದ ಪ್ರಾಣಿ ಸರಿಯಾಗಿ ಕಾಣುವುದು 40ರಿಂದ 60 ಮೀಟರ್. ಅಂದರೆ 80ರಲ್ಲಿ ಡಿಮ್ ಹಾಕಿಕೊಂಡು ಹೋಗುವವರು ಕಾಣದ ಜಾಗಕ್ಕೆ ಗಾಡಿ ಓಡಿಸುತ್ತಿದ್ದಾರೆ. 60ಕ್ಕೆ ಇಳಿಸಿದರೆ ಒಟ್ಟು 45 ಮೀಟರ್, 50ಕ್ಕೆ ಇಳಿಸಿದರೆ 35. ಮಳೆಗಾಲದಲ್ಲಿ ರಸ್ತೆ ಒದ್ದೆಯಿದ್ದರೆ 60ರಲ್ಲೇ 60 ಮೀಟರ್ ಬೇಕು. ಆದ್ದರಿಂದ ಕಾಡಂಚಿನಲ್ಲಿ ಒಣಗಿದ್ದಾಗ 50–55, ಮಳೆಯಲ್ಲಿ 40. ಅರ್ಧ ದಾರಿ ಹೀಗೆ ಬಂದರೂ ಹೆಚ್ಚುವರಿಯಾಗಿ ಹತ್ತು ಹನ್ನೆರಡು ನಿಮಿಷ, ಅಷ್ಟೇ.

ಎದುರು ಗಾಡಿ ಇಲ್ಲದಾಗ ಹೈ ಬೀಮಿನಲ್ಲೇ ಬನ್ನಿ, ನೂರು ಮೀಟರಿಗೂ ಮೀರಿ ಕಾಣುತ್ತದೆ. ಎಡ ತಿರುವಿನಲ್ಲಿ ವಿಶೇಷ ಎಚ್ಚರ: ಲೈಟು ನೇರಕ್ಕೆ ಹೊಡೆದು ಬಲಗಡೆಯ ಮರಗಳನ್ನು ಬೆಳಗುತ್ತದೆ, ನಿಮ್ಮ ಬಗಲಲ್ಲೇ ಇರುವ ಎಡ ಅಂಚು ಕತ್ತಲಲ್ಲಿರುತ್ತದೆ. ಅಲ್ಲಿಂದ ಹಾರಿದ ಜಿಂಕೆ ಕಾಣುವಷ್ಟರಲ್ಲಿ ಬಾನೆಟ್ ಮೇಲಿರುತ್ತದೆ.

ಹಿಂದೆ ಲಾರಿ ಅಂಟಿಕೊಂಡು ಬರುತ್ತಿದ್ದರೆ ಅನುಮಾನ ಬಂದ ಕೂಡಲೇ ಎರಡು ಸಲ ಬ್ರೇಕ್ ಮುಟ್ಟಿ ಕೆಂಪು ದೀಪ ತೋರಿಸಿ. ಅವನಿಗೂ ನಿಲ್ಲಿಸಲು ಜಾಗ ಬೇಕಲ್ಲ.

ಹಳುವಿನ ಅಂಚು:
ಮೇಲಿನವರು ಗಾಡಿಯ ಲೆಕ್ಕ ಹೇಳಿದ್ದಾರೆ, ನಾನು ಪ್ರಾಣಿಯ ಕಡೆಯದು ಹೇಳುತ್ತೇನೆ. ಆ ರಸ್ತೆಯಲ್ಲಿ ಒಂದು ಕಡೆ ಶೆಟ್ಟಿಹಳ್ಳಿ ಕಾಡು, ಇನ್ನೊಂದು ಕಡೆ ತುಂಗೆಯ ನೀರು ಇರುವ ಜಾಗಗಳಿವೆ. ಬೇಸಿಗೆಯಲ್ಲಿ ನೀರಿಗೆ ಇಳಿಯುತ್ತವೆ. ಮೊದಲ ಮಳೆ ಬಿದ್ದ ಮೇಲೆ ರಸ್ತೆ ಪಕ್ಕ ಸವರಿದ ಜಾಗದಲ್ಲಿ ಚಿಗುರು ಹುಲ್ಲು ಬರುತ್ತದೆ, ಅದಕ್ಕೆ ಬರುತ್ತವೆ. ಚುಕ್ಕೆ ಜಿಂಕೆಗೆ ಇನ್ನೊಂದು ಅಭ್ಯಾಸ ಇದೆ: ರಾತ್ರಿ ದಟ್ಟ ಪೊದೆ ಬಿಟ್ಟು ಬಯಲಿನಲ್ಲಿ ಮಲಗುತ್ತದೆ, ಚಿರತೆ ದೂರದಿಂದಲೇ ಕಾಣಲಿ ಅಂತ. ರಸ್ತೆಯಂಚೂ ಅದಕ್ಕೆ ಬಯಲೇ. ಮುಸ್ಸಂಜೆಯಿಂದ ಒಂಬತ್ತರವರೆಗೆ, ಮತ್ತೆ ಬೆಳಗಿನ ಜಾವ ನಾಲ್ಕರಿಂದ ಆರೂವರೆವರೆಗೆ ಓಡಾಟ ಹೆಚ್ಚು. ಒಂಬತ್ತರ ಮೇಲೆ ನಿಂತುಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ.

ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರ ಇದೆ. ಅದಕ್ಕೇ ಲೈಟು ಬಿದ್ದಾಗ ಹಸಿರು-ಬಿಳಿ ಹೊಳಪು ಕಾಣುವುದು. ರಸ್ತೆಗೆ ಹಾಕಿದ ರಿಫ್ಲೆಕ್ಟರ್ ನೆಲಮಟ್ಟದಲ್ಲಿ, ಸಮ ಅಂತರದಲ್ಲಿ, ಅಲುಗಾಡದೆ ಇರುತ್ತದೆ. ಕಣ್ಣು ಹಾಗಲ್ಲ, ಸೊಂಟದ ಎತ್ತರಕ್ಕೆ ಇರುತ್ತದೆ, ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಆರಿದ ಕ್ಷಣವೇ ಅಪಾಯದ್ದು, ಅದು ತಲೆ ತಿರುಗಿಸಿತು ಅಂತ ಅರ್ಥ. ತಲೆ ಆಚೆ ತಿರುಗಿಸಿಕೊಂಡು ಅಡ್ಡ ನಿಂತ ಜಿಂಕೆಯಲ್ಲಿ ಹೊಳಪೇ ಇರುವುದಿಲ್ಲ. ಕಣ್ಣನ್ನೊಂದೇ ಹುಡುಕಬೇಡಿ. ಹುಲ್ಲಿನ ನಡುವೆ ಬಿಳಿ ಹೊಟ್ಟೆ, ತೆಳ್ಳನೆಯ ನಾಲ್ಕು ಕಾಲು ಕಾಣುತ್ತದಾ ನೋಡಿ. ಬಾಲ ಎತ್ತಿ ಮುಂಗಾಲಿನಿಂದ ನೆಲ ಕುಟ್ಟುತ್ತಿದ್ದರೆ ಗಾಬರಿಯಾಗಿದೆ, ಇನ್ನೊಂದು ಗಳಿಗೆಯಲ್ಲಿ ಯಾವ ದಿಕ್ಕಿಗಾದರೂ ಹಾರಬಹುದು. ಸ್ಟೀರಿಂಗ್ ತಿರುಗಿಸಬೇಡಿ ಅನ್ನುವುದಕ್ಕೆ ಇದೂ ಕಾರಣ: ನೀವು ತಿರುಗಿಸಿದ ಕಡೆಗೇ ಅದೂ ಹಾರಬಹುದು.

ಹೈ ಬೀಮ್ ಪ್ರಶ್ನೆಗೆ ಉತ್ತರ: ದೂರದಿಂದ ಕಂಡುಹಿಡಿಯಲು ಹೈ ಬೀಮ್ ಬೇಕು, ಕಂಡ ಮೇಲೆ ಬೇಡ. ಕತ್ತಲಿಗೆ ಅರಳಿದ ಕಣ್ಣಿಗೆ ಅಷ್ಟು ಬೆಳಕು ಬಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ವೇಗ ಇಳಿಸಿ, ಡಿಮ್ ಮಾಡಿ, ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ದೀಪ) ಹಾಕಿ, ಬೇಕಾದರೆ ಪೂರ್ತಿ ನಿಲ್ಲಿಸಿ. ಹತ್ತು ಸೆಕೆಂಡಿನಲ್ಲಿ ಅದೇ ದಾರಿ ಹುಡುಕಿಕೊಳ್ಳುತ್ತದೆ. ಉದ್ದಕ್ಕೆ ಹಾರ್ನ್ ಬಾರಿಸಿದರೆ ಹಿಂಡು ಎರಡು ಪಾಲಾಗಿ ಅರ್ಧ ಈಚೆ, ಅರ್ಧ ಆಚೆ ಉಳಿಯುತ್ತದೆ, ಉಳಿದದ್ದು ನಿಮ್ಮ ಮುಂದೆಯೇ ದಾಟುತ್ತದೆ.

ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ. ಚುಕ್ಕೆ ಜಿಂಕೆ ಒಂಟಿಯಾಗಿ ಬರುವುದು ಅಪರೂಪ. ತಾಯಿ ದಾಟಿ, ಮರಿ ಈಚೆ ಬದಿಯಲ್ಲಿ ತಡವರಿಸುತ್ತಿರುತ್ತದೆ. ಕಡವೆ ಒಂಟಿಯಾಗಿಯೂ ಬರುತ್ತದೆ, ಆದರೆ ಗಂಡಾದರೆ ಇನ್ನೂರು ಕಿಲೋ ಮೀರುತ್ತದೆ, ಕಾಲು ಉದ್ದ. ಸಣ್ಣ ಕಾರಿನ ಬಂಪರ್ ಅದರ ಕಾಲಿಗೆ ಬಡಿದರೆ ಮೈ ಪೂರ್ತಿ ಗಾಜಿನ ಮೇಲೆ ಬೀಳುತ್ತದೆ. ಬಣ್ಣವೂ ಕಪ್ಪುಗಂದು, ಚುಕ್ಕೆ ಇಲ್ಲ, ಲೈಟಿಗೆ ಬೇಗ ಸಿಗುವುದಿಲ್ಲ.

ಸೀಟಿಗೆ ದುಡ್ಡು ಹಾಕಬೇಡಿ. ಪರೀಕ್ಷೆಗಳಲ್ಲಿ ಅದರಿಂದ ಜಿಂಕೆಯ ನಡವಳಿಕೆ ಬದಲಾದದ್ದು ಕಂಡಿಲ್ಲ. ಇದೆ ಅನ್ನುವ ಧೈರ್ಯಕ್ಕೆ ಜನ ಜೋರಾಗಿ ಓಡಿಸುತ್ತಾರೆ, ಅದೇ ನಷ್ಟ.

ಸ್ಪ್ಯಾನರ್ 10-11:
ಗಾರ್ಡ್ ಬೇಡವೇ ಬೇಡ ಮಾರಾಯ್ರೇ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಕ್ರ್ಯಾಶ್ ಗಾರ್ಡ್ ತೆಗೆಸಲು ರಾಜ್ಯಗಳಿಗೆ ಬರೆದಿದೆ, ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯ, ಗಾರ್ಡನ್ನು ಚಾಸಿಗೇ ಬೋಲ್ಟ್ ಮಾಡಿರುತ್ತಾರೆ. ಪೆಟ್ಟು ಬಿದ್ದಾಗ ನಜ್ಜುಗುಜ್ಜಾಗಿ ಹೊಡೆತ ನುಂಗಬೇಕಾದ ಭಾಗ ನುಂಗುವುದಿಲ್ಲ, ಏರ್‌ಬ್ಯಾಗ್ ಸೆನ್ಸರಿಗೆ ತಪ್ಪು ಲೆಕ್ಕ ಹೋಗುತ್ತದೆ.

ಆ ದುಡ್ಡಿನ ಹತ್ತರಲ್ಲೊಂದು ಪಾಲಿನಲ್ಲಿ ಲೈಟು ಸರಿಮಾಡಿಸಿ. ಮಸುಕಾದ ಹೆಡ್‌ಲೈಟ್ ಕವರ್ ಪಾಲಿಶ್ ಮಾಡಿಸಿ. ಮುಂದಿನ ಗಾಜನ್ನು ಒಳಗಡೆಯಿಂದಲೂ ಒರೆಸಿ, ಅಲ್ಲಿನ ಎಣ್ಣೆಪದರವೇ ಎದುರು ಲೈಟನ್ನು ಚೆಲ್ಲಾಡಿಸುವುದು. ಬಲ್ಬ್ 60/55 ವ್ಯಾಟಿನ ಒಳ್ಳೆಯ ಕಂಪನಿಯದೇ ಸಾಕು. 100/90 ಹಾಕಿದರೆ ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಹೊರಡುವ ಜಾಗ ತಪ್ಪಿ ಮೇಲಕ್ಕೆ ಚೆಲ್ಲುತ್ತದೆ: ಎದುರಿನವರಿಗೆ ಕುರುಡು, ನಿಮ್ಮ ರಸ್ತೆಗೆ ಕತ್ತಲೆ.

ಲೈಟು ಸರಿಯಾದ ಎತ್ತರಕ್ಕೆ ಬೀಳುತ್ತದಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೆವೆಲಿಂಗ್ ನಾಬ್ (ಹೆಡ್‌ಲೈಟ್ ಬೆಳಕನ್ನು ಮೇಲೆ-ಕೆಳಗೆ ಮಾಡುವ ಗುಂಡಿ) ಸೊನ್ನೆಯಲ್ಲಿರಲಿ. ಸಮತಟ್ಟಾದ ನೆಲದಲ್ಲಿ ಗೋಡೆಗೆ ಐದು ಮೀಟರ್ ದೂರ ನಿಲ್ಲಿಸಿ. ಬಲ್ಬಿನ ನಡುಮಧ್ಯದ ಎತ್ತರವನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಯಿಂದ ಸುಮಾರು 5 ಸೆಂ.ಮೀ. ಕೆಳಗಿರಬೇಕು. ಹದಿನೈದು ಕೆಳಗಿದ್ದರೆ ಬಂಪರಿನ ಮುಂದಿನ ಸ್ವಲ್ಪ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಡಿಕ್ಕಿಯಲ್ಲಿ ಸಾಮಾನು ತುಂಬಿದ ದಿನ ಮಾತ್ರ ನಾಬನ್ನು 2 ಅಥವಾ 3ಕ್ಕೆ ತಿರುಗಿಸಿ.

ತುಂಗಾತೀರ:
ತುಂಬಾ ಉಪಕಾರವಾಯಿತು. ಇಷ್ಟು ಎಚ್ಚರ ವಹಿಸಿಯೂ ಬಡಿದುಬಿಟ್ಟರೆ? ಜಿಂಕೆ ಜೀವ ಇದ್ದು ರಸ್ತೆಯಲ್ಲೇ ಬಿದ್ದಿದ್ದರೆ ಪಕ್ಕಕ್ಕೆ ಎಳೆಯಬಹುದೇ? ಥರ್ಡ್ ಪಾರ್ಟಿ ವಿಮೆ ಮಾತ್ರ ಇದೆ, ಅದೂ ಹೇಳಿ.

ಹಳುವಿನ ಅಂಚು:
ಹಜಾರ್ಡ್ ಹಾಕಿ ಗಾಡಿ ಪಕ್ಕಕ್ಕೆ ತನ್ನಿ, ಎಚ್ಚರಿಕೆಯ ಕೆಂಪು ತ್ರಿಕೋನ ಇದ್ದರೆ ಐವತ್ತು ಹೆಜ್ಜೆ ಹಿಂದೆ ಇಡಿ. ಇಳಿಯುವ ಮೊದಲು ಸುತ್ತ ನೋಡಿ, ಉಳಿದ ಹಿಂಡು ಅಲ್ಲೇ ಇರುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926, ಇಲ್ಲವೇ 112. ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿದರೆ ಬೇಗ ಬರುತ್ತಾರೆ.

ಬದುಕಿದ್ದರೆ ಮುಟ್ಟಬೇಡಿ. ಒದೆತ, ಕೊಂಬಿನ ತಿವಿತದ ಮಾತು ಹಾಗಿರಲಿ, ಮನುಷ್ಯರು ಹಿಡಿದ ಭಯಕ್ಕೇ ಜಿಂಕೆಯ ಸ್ನಾಯುಗಳು ಒಡೆದು, ಗಾಯ ಸಣ್ಣದಿದ್ದರೂ ಆಮೇಲೆ ಸಾಯುವುದುಂಟು. ಬಾಯಿಗೆ ನೀರು ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಹೆಡ್‌ಲೈಟ್ ಆರಿಸಿ, ಪಾರ್ಕಿಂಗ್ ಲೈಟು ಮತ್ತು ಹಜಾರ್ಡ್ ಮಾತ್ರ ಬಿಡಿ, ಮೊಬೈಲ್ ಹಿಡಿದು ಸುತ್ತ ನಿಲ್ಲುವವರನ್ನು ದೂರ ಕಳಿಸಿ. ಅಷ್ಟೇ ನೀವು ಮಾಡಬಹುದಾದ ದೊಡ್ಡ ಉಪಕಾರ.

ಸತ್ತಿದ್ದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರ್ಕಾರದ ಸ್ವತ್ತು. ಗಾಡಿಗೆ ಹಾಕಿಕೊಳ್ಳಬಾರದು, ಕೊಂಬು ಮುಟ್ಟಬಾರದು, ಬೇರೆಯವರು ಮಾಂಸಕ್ಕೆ ಕೈ ಹಾಕಲು ಬಿಡಬಾರದು. ತಿಳಿಸದೆ ಹೊರಟುಹೋದರೆ ಬೇಟೆಯ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಸ್ಪ್ಯಾನರ್ 10-11:
ಥರ್ಡ್ ಪಾರ್ಟಿಯಲ್ಲಿ ನಿಮ್ಮ ಗಾಡಿಗೆ ಒಂದು ಪೈಸೆಯೂ ಬರುವುದಿಲ್ಲ. ನಿಮ್ಮ ಗಾಡಿಯ ಹಾನಿಗೇ ಸಿಗುವ ಓನ್ ಡ್ಯಾಮೇಜ್ ಪಾಲಿಸಿಯನ್ನು ಪ್ರತ್ಯೇಕವಾಗಿಯೂ ಕೊಡುತ್ತಾರೆ, ಈ ತಿಂಗಳೇ ಮಾಡಿಸಿ. ಬಂಪರ್, ಗ್ರಿಲ್ ಎಲ್ಲ ಪ್ಲಾಸ್ಟಿಕ್, ಅವಕ್ಕೆ ಅರ್ಧ ಬೆಲೆ ಕಳೆದೇ ಕೊಡುತ್ತಾರೆ. ಪಾಲಿಸಿಗೆ ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ರಕ್ಷಣೆ) ಸೇರಿಸಿದರೆ ಆ ಕಡಿತ ಇಲ್ಲ.

ಬಡಿದ ಮೇಲೆ "ಗಾಡಿ ಸ್ಟಾರ್ಟ್ ಆಗುತ್ತಲ್ಲ" ಅಂತ ಹೊರಟುಬಿಡಬೇಡಿ. ಟಾರ್ಚ್ ಹಿಡಿದು ಬಂಪರ್ ಕೆಳಗೆ ನೋಡಿ. ಹಸಿರು ಅಥವಾ ಗುಲಾಬಿ ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ ರೇಡಿಯೇಟರ್ ಹೋಗಿದೆ, ಟೋ ಮಾಡಿಸಬೇಕು. ಹಾಗೇ ಐದಾರು ಕಿಲೋಮೀಟರ್ ಓಡಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಅದು ನಿಮ್ಮ ತಪ್ಪಿನಿಂದಾದ ನಷ್ಟ ಅಂತ ವಿಮೆಯವರು ಇಂಜಿನಿನ ಕ್ಲೇಮ್ ತಳ್ಳಿಹಾಕುತ್ತಾರೆ. ಬಾನೆಟ್ ಲಾಕ್ ಅಲುಗಾಡಿಸಿ ನೋಡಿ, ಬಗ್ಗಿದ್ದರೆ ಓಡುವಾಗ ಎದ್ದು ಗಾಜಿಗೆ ಬಡಿಯುತ್ತದೆ. ಅದನ್ನು ಕಟ್ಟಲು ಗಟ್ಟಿ ಹಗ್ಗ ಒಂದು ಡಿಕ್ಕಿಯಲ್ಲಿರಲಿ.